ಗಾಳಿ ಸೋರದ ಕೋಣೆ

ಗುರುಶಾಂತಪ್ಪನವರು ಬನಶಂಕರಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಕಟಿಂಗ್ ಮಾಡಿಕೊಂಡೇ ಮುದುಕರಾದವರು. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು ಚಿಕ್ಕಲಸಂದ್ರದ ಮನೆಯಲ್ಲೇ ಇದ್ದರು. ಕಸುಬಿನ ಅಭ್ಯಾಸ ಮಾತ್ರ ಬಿಡಲಿಲ್ಲ. ಅಡುಗೆ ಸಿಲಿಂಡರ್ ಬದಲಾಯಿಸಿದಾಗಲೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ನಮ್ಮ ಬೀದಿಯ ಬೇರೆ ಮನೆಯವರೂ ಇದಕ್ಕೆ ಅವರನ್ನೇ ಕರೆಯುತ್ತಿದ್ದರು. ಏನೇ ಆಗಲಿ, ಸೋರುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರ ಹೆಂಡತಿ ಜಯದೇವಿ ಮದುವೆಯಾದಾಗಿನಿಂದ ಮನೆಯಲ್ಲಿ ಕೂತು ಊದುಬತ್ತಿ ಹೊಸೆದವರು. ಅದರ ಇದ್ದಿಲ ಪುಡಿ ಎದೆಗೆ ಇಳಿದದ್ದು ಎಷ್ಟೋ ವರ್ಷಗಳ ಮೇಲೆ ಕಾಣಿಸಿತು. ಮೊದಲು ಮೆಟ್ಟಿಲು ಹತ್ತಲು ಕಷ್ಟವಾಯಿತು. ಆಮೇಲೆ ಸೀರೆ ಉಡುವಷ್ಟರಲ್ಲೇ ದಣಿದು ಕೂತುಬಿಡುತ್ತಿದ್ದರು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದಷ್ಟನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಒಳ್ಳೆಯ ಗಾಳಿ ಇರಲಿ ಎಂದೂ ಹೇಳಿದರು. ಗುರುಶಾಂತಪ್ಪ ಆ ಕೊನೆಯ ಮಾತನ್ನು ಹಿಡಿದುಕೊಂಡರು.

ಮಹಡಿಯ ಬಾಡಿಗೆಯವರ ಮಗಳು ಅಂಜನಾ ಪಿಯುಸಿ ಓದುತ್ತಿದ್ದಳು. ಎಲೆ ಹೇಗೆ ಗಾಳಿ ಕೊಡುತ್ತದೆ ಎಂದು ಅವಳನ್ನು ಕೇಳಿದರು. ಅವಳು ಒಂದು ಎಲೆಯನ್ನು ಮಗುಚಿ ತೋರಿಸಿದಳು. ಅದರ ಕೆಳಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಪತ್ರರಂಧ್ರ ಎನ್ನುತ್ತಾರೆ. ಪ್ರತಿ ಬಾಯಿಗೂ ತುಟಿಯಂಥ ಎರಡು ಜೀವಕೋಶಗಳು; ಅವು ನೀರು ತುಂಬಿ ಉಬ್ಬಿದರೆ ಬಾಯಿ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತದೆ, ಆಮ್ಲಜನಕವೂ ನೀರಿನ ಆವಿಯೂ ಹೊರಗೆ ಬರುತ್ತವೆ. ಬೆಳಕು ಹೋದರೆ ಆಮ್ಲಜನಕ ಮಾಡುವ ಕೆಲಸ ನಿಲ್ಲುತ್ತದೆ, ಆದರೆ ಎಲೆಯೂ ನಮ್ಮ ಹಾಗೆ ಉಸಿರಾಡುತ್ತದೆ, ಅದು ನಿಲ್ಲುವುದಿಲ್ಲ ಎಂದೂ ಅವಳು ಹೇಳಿದಳು. ಅಷ್ಟು ಹೊತ್ತಿಗೆ ಗುರುಶಾಂತಪ್ಪ ತಮ್ಮದೇ ಯೋಚನೆಯಲ್ಲಿದ್ದರು.

"ವಾಲ್ವ್ ಅನ್ನಮ್ಮ. ನೀರು ಕೊಟ್ರೆ ಓಪನ್, ಇಲ್ದಿದ್ರೆ ಕ್ಲೋಸ್," ಎಂದರು.

ಮರುದಿನ ಆಟೋದಲ್ಲಿ ಗಿಡದ ಕುಂಡಗಳು ಬಂದು ಜಯದೇವಿ ಮಲಗುವ ಕೋಣೆ ಸೇರಿದವು. ಎಲೆಗೆ ಕೊಬ್ಬರಿ ಎಣ್ಣೆ ಒರೆಸಿದರೆ ಹೊಳಪು ಬರುತ್ತದೆ ಎಂದ ನರ್ಸರಿಯವನ ಮೇಲೆ ಅವರು ರೇಗಿದರಂತೆ. ಆಕ್ಸಿಜನ್ ಹತ್ತಿರ ಎಣ್ಣೆ ತಂದರೆ ಬೆಂಕಿ ಹೊತ್ತೀತು ಎಂಬುದು ಅವರ ಕಸುಬಿನ ಮೊದಲ ಪಾಠ. ಇದು ಗಿಡ ಅಂಕಲ್, ಬಾಂಬ್ ಅಲ್ಲ ಎಂದು ಅವನು ನಕ್ಕನಂತೆ. ಇವರು ನಗಲಿಲ್ಲ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯ ಅಡಿಯನ್ನು ಒರೆಸುತ್ತಿದ್ದರು, ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದರು.

ಆಗ ನಮ್ಮ ರಸ್ತೆಯನ್ನು ಅಗೆದಿದ್ದರು. ಧೂಳಿಗೆ ಎಲ್ಲರೂ ಕಿಟಕಿ ಮುಚ್ಚಿಕೊಂಡಿದ್ದೆವು. ಗುರುಶಾಂತಪ್ಪ ಮುಚ್ಚಿದ್ದಷ್ಟೇ ಅಲ್ಲ, ಚೌಕಟ್ಟಿನ ಸಂದಿಗಳಿಗೆಲ್ಲ ಪುಟ್ಟಿ ತುಂಬಿದರು, ಬಾಗಿಲ ಕೆಳಗೆ ಗೋಣಿಚೀಲ ತುರುಕಿದರು. ಹತ್ತಿಯ ಎಳೆ ಹಿಡಿದು, ಅದು ಎಲ್ಲಾದರೂ ಅಲುಗುತ್ತದೆಯೇ ಎಂದು ನೋಡಿದರು. ಗಿಡಗಳು ಕೋಣೆಯೊಳಗೆ ತುಂಬಿಸುವ ಗಾಳಿ ಬೀದಿಗೆ ಸೋರಿಹೋಗಬಾರದು ಎಂಬುದು ಅವರ ಆಲೋಚನೆ. ಗಾಜಿನ ಮೇಲೆ ಧೂಳು ಕಟ್ಟಿ ಕೋಣೆಯಲ್ಲಿ ಬೆಳಕೂ ಕಡಿಮೆಯಾಯಿತು.

ಮೊದಮೊದಲು ಜಯದೇವಿ ತಂಪಾಗಿದೆ ಎಂದರು. ಆಮೇಲೆ ಕೆಮ್ಮು ಹೆಚ್ಚಿತು, ಸಂಜೆಯಾದರೆ ಜ್ವರ. ಕುಂಡಗಳ ಹಿಂದಿನ ಗೋಡೆ ಬೆವತು ಕಪ್ಪಾಯಿತು. ಕೆಮ್ಮು ಹೆಚ್ಚಿದಷ್ಟೂ ಇವರು ಇನ್ನಷ್ಟು ಗಿಡ ತಂದರು. ವಿಲ್ಸನ್ ಗಾರ್ಡನ್‌ನಿಂದ ಬಂದ ಮಗಳು ಶಾಂತಲಾ, ಇಲ್ಲಿ ಉಸಿರು ಕಟ್ಟುತ್ತದೆ ಎಂದು ಕಿಟಕಿ ತೆಗೆಯಲು ಹೋದಳು. ಅವಳನ್ನು ತಡೆದದ್ದು ಗುರುಶಾಂತಪ್ಪ ಅಲ್ಲ, ಜಯದೇವಿ. ಇರಲಿ ಬಿಡು, ಚೆನ್ನಾಗಿದೆ ಎಂದರು.

ಕೊನೆಗೆ ತುಟಿ ನೀಲಿಯಾದಾಗ ಜಯನಗರದ ಆಸ್ಪತ್ರೆಗೆ ಸೇರಿಸಿದರು. ಮನೆಯಲ್ಲಿ ಎದೆ ಕೆಡಿಸುವಂಥದ್ದೇನಿದೆ, ಪಾರಿವಾಳ ಇವೆಯೇ, ತೇವ ಇದೆಯೇ ಎಂದು ಡಾಕ್ಟರು ಕೇಳುತ್ತಾ ಹೋಗಿ ಗಿಡಗಳ ವಿಷಯಕ್ಕೆ ಬಂದರು. ಮಬ್ಬು ಕೋಣೆಯಲ್ಲಿ ಎಲೆಗಳಿಂದ ಆಮ್ಲಜನಕ ಬರುವುದು ಇಲ್ಲವೆನ್ನುವಷ್ಟೇ ಕಡಿಮೆ. ಬೆಳಕಿದ್ದರೂ ಕುಂಡದ ಗಿಡಗಳು ಒಬ್ಬ ಮನುಷ್ಯನಿಗೆ ಸಾಲುವುದಿಲ್ಲ. ಎಲೆ ಬಿಟ್ಟ ಆವಿ ಗೋಡೆಗೆ ಕೂತಿದೆ, ಒದ್ದೆ ಮಣ್ಣಿನಲ್ಲೂ ಗೋಡೆಯಲ್ಲೂ ಬೂಷ್ಟು ಬೆಳೆದಿದೆ. ಅದರ ಪುಡಿ ಹೊರಗೆ ಹೋಗಲು ದಾರಿಯಿಲ್ಲದೆ ಜಯದೇವಿಯ ಎದೆಯೊಳಗೆ ಹೋಗಿದೆ. ಇಷ್ಟನ್ನು ಅವರು ಮೆತ್ತಗೆ ಹೇಳಿದರು. ಇದಾಗದಿದ್ದರೂ ಹೆಚ್ಚೆಂದರೆ ಒಂದೆರಡು ವರ್ಷ ಇರುತ್ತಿದ್ದರು ಎಂದು ಸಮಾಧಾನಕ್ಕೆ ಸೇರಿಸಿದರು.

ಗುರುಶಾಂತಪ್ಪ ಮಂಚದ ಪಕ್ಕ ಬಂದು ಕೂತರು. "ನಿಂಗೆ ಗೊತ್ತಾಗ್ಲಿಲ್ವೇನೇ?" ಎಂದು ಕೇಳಿದರು.

ಜಯದೇವಿ ಮಾಸ್ಕನ್ನು ಸ್ವಲ್ಪ ಸರಿಸಿದರು. "ಗೊತ್ತಾಗಿತ್ತು ರೀ," ಎಂದು ತಡೆದು, ಉಸಿರು ತೆಗೆದುಕೊಂಡು ಹೇಳಿದರು. "ಕೆಲಸ ಬಿಟ್ಮೇಲೆ ನೀವು ಗೋಡೆ ನೋಡ್ಕೊಂಡು ಕೂತಿರ್ತಿದ್ರಿ. ಗಿಡ ಬಂದ್ಮೇಲೆ ಮಾತಾಡೋಕೆ ಶುರು ಮಾಡಿದ್ರಿ. ಅದಕ್ಕೇ."

ಜಯದೇವಿ ಮನೆಗೆ ವಾಪಸ್ ಬರಲಿಲ್ಲ.

ಮಾತಾಡಿಸಲು ಬಂದವರೆಲ್ಲ, ಅದು ಹಳೆಯ ಕಾಯಿಲೆ, ನಿಮ್ಮ ತಪ್ಪೇನಿಲ್ಲ ಎಂದರು. ಗುರುಶಾಂತಪ್ಪ ತಲೆಯಾಡಿಸುತ್ತಿದ್ದರು. ಎಲ್ಲರೂ ಹೋದ ಮೇಲೆ ಶಾಂತಲಾ ಅವರ ಮುಂದೆ ಕಾಫಿ ಇಟ್ಟು, ಡಾಕ್ಟರೇ ಹೇಳಲಿಲ್ಲವೇ, ಹೆಚ್ಚೆಂದರೆ ಒಂದೆರಡು ವರ್ಷ ಅಂತ ಎಂದಳು.

"ಒಂದೆರಡು ವರ್ಷ ಅಂದ್ರೆ ಕಮ್ಮಿ ಏನಮ್ಮ?" ಎಂದರು.