ಬಾಗಿಲಲ್ಲಿ ರುದ್ರಮ್ಮ

ಮೊಳಕೆ ಬಂದ ರಾಗಿಯನ್ನು ಹುರಿಯುವಾಗಿನ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ಘಮಕ್ಕೆ ಒಂದಿಷ್ಟು ಸೌದೆ ಹೊಗೆ ಸೇರಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಕಳೆದ ವಾರ ಆ ವಾಸನೆ ನನ್ನ ಮೂಗಿಗೆ ಬಂದದ್ದು ಒಂದು ಬಾರಿನ ಬಾಗಿಲಲ್ಲಿ.

ಬಾರು ಎಂದೆನಲ್ಲ, ಪೂರ್ತಿ ಬಾರೂ ಅಲ್ಲ. ಹಳೇಬೀಡು ದಾಟಿ ಬೇಲೂರಿನ ಕಡೆ ಹೋಗುವಾಗ ಎಡಕ್ಕೆ ಮೊದಲು ಕೊಬ್ಬರಿ ಗೋದಾಮೊಂದಿತ್ತು. ಈಗ ಅದಕ್ಕೆ ದೊಡ್ಡ ಗಾಜಿನ ಕಿಟಕಿ ಬಂದಿದೆ. ಒಳಗೆ ಒಂದು ಕಡೆ ಅಲ್ಲೇ ತಯಾರಿಸಿದ ಬಿಯರನ್ನು ನಲ್ಲಿಯಿಂದ ಗ್ಲಾಸಿಗೆ ಬಿಟ್ಟುಕೊಡುತ್ತಾರೆ. ಇನ್ನೊಂದು ಕಡೆ ಗೋಡೆಯುದ್ದಕ್ಕೂ ಬೇರೆ ಬೇರೆ ಊರುಗಳ ಬಾಟಲಿಗಳು, ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದಂತೆ. ಕೂತು ಕುಡಿಯಬಹುದು, ಮನೆಗೆ ಒಯ್ಯಲೂಬಹುದು. ಬೇಲೂರು, ಹಳೇಬೀಡು ನೋಡಲು ಬಂದವರು ಶಿಲಾಬಾಲಿಕೆಯರ ಫೋಟೋ ತೆಗೆದು ದಣಿದು ಇಲ್ಲಿ ಬಂದು ಕೂರುತ್ತಾರೆ.

ನಾನು ಎಪ್ಪತ್ತರ ಹೊಸ್ತಿಲಲ್ಲಿರುವ ನಿವೃತ್ತ ಮೇಷ್ಟರು. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಕಾಫಿ ಎರಡನೇ ಸಲ ಕೇಳಿದರೆ ನಮ್ಮಪ್ಪ ಅದನ್ನು ದುಶ್ಚಟವೆನ್ನುತ್ತಿದ್ದರು. ಇಂಥವನು ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಬಸ್ಸು ಹಿಡಿದು, ಮಟಮಟ ಮಧ್ಯಾಹ್ನ, ತಲೆಗೆ ಮಫ್ಲರು ಸುತ್ತಿಕೊಂಡು ಬಾರಿನ ಮುಂದೆ ನಿಂತಿದ್ದೆ. ಆ ಬಿಸಿಲಿನಲ್ಲಿ ಮಫ್ಲರು ಸುತ್ತಿಕೊಂಡವನನ್ನೇ ಎಲ್ಲರೂ ತಿರುಗಿ ನೋಡುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಬಾಗಿಲ ಪಕ್ಕದ ಮರದ ಕುರ್ಚಿಯಲ್ಲಿ ಹಣೆತುಂಬ ವಿಭೂತಿ ಹಚ್ಚಿದ್ದ ಹೆಂಗಸೊಬ್ಬರು ಮೊರ ಹಿಡಿದು ರಾಗಿ ಕೇರುತ್ತಿದ್ದರು.

"ಬನ್ನಿ ಮೇಷ್ಟ್ರೇ. ಮಫ್ಲರ್ ತೆಗೀರಿ, ಸೆಕೆ ಆಯ್ತದೆ" ಎಂದರು.

ಅವರೇ ರುದ್ರಮ್ಮ. ಒಂದ್ಸಲ ಬಂದು ನೋಡ್ಕೊಂಡ್ ಹೋಗಿ ಎಂದು ನನಗೆ ಫೋನ್ ಮಾಡಿ ಕರೆಸಿಕೊಂಡವರು. ಮೂವತ್ತು ವರ್ಷಗಳ ಹಿಂದೆ ಒಂದು ಸಾರಾಯಿ ಅಂಗಡಿಯನ್ನು ಎತ್ತಿಸಿದವರು.

ಆ ಕಥೆ ಹೇಳದೆ ಮುಂದೆ ಹೋಗಲಾರೆ. ಆಗ ನಾನು ಜಾವಗಲ್ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಶಾಲೆಗೆ ಎದುರಾಗಿಯೇ ಸಾರಾಯಿ ಅಂಗಡಿ. ಮಕ್ಕಳು ಮಗ್ಗಿ ಹೇಳುವುದೂ ಅಲ್ಲಿನ ಬೈಗುಳಗಳೂ ಒಂದೇ ಗಾಳಿಯಲ್ಲಿ ಬೆರೆಯುತ್ತಿದ್ದವು. ರುದ್ರಮ್ಮನ ಗಂಡ ಅಲ್ಲಿ ಕುಡಿದು ಕುಡಿದೇ ತೀರಿಕೊಂಡ. ಮಗಳು ಮಂಗಳಾಗೆ ಆಗ ನಾಲ್ಕು ವರ್ಷ. ರುದ್ರಮ್ಮ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಕೂಸುಗಳಿಗೆ ಮಾಲ್ಟ್ ಹಿಟ್ಟು ಮಾಡಿ ಮಾರುತ್ತಿದ್ದರು. ಸುತ್ತಿನ ಹಳ್ಳಿಗಳಲ್ಲಿ ಹಲ್ಲು ಬಾರದ ಯಾವ ಮಗುವೂ ಆ ಹಿಟ್ಟಿನ ಗಂಜಿ ಕುಡಿಯದೆ ದೊಡ್ಡದಾಗಲಿಲ್ಲ. ನನ್ನ ಮಗನೂ ಅದನ್ನೇ ಕುಡಿದು ಬೆಳೆದವನು.

ಒಂದು ಬೆಳಿಗ್ಗೆ ಅವರು ಶಾಲೆಗೆ ಬಂದರು. "ಮೇಷ್ಟ್ರೇ, ಈ ಅಂಗಡಿ ಎತ್ತಿಸ್ಬೇಕು. ಅರ್ಜಿ ಬರ್ಕೊಡಿ."

ಬರೆದೆ. ಎರಡು ಪುಟ, ನನ್ನ ಭಾಷಾಜ್ಞಾನವನ್ನೆಲ್ಲ ಸುರಿದು ಬರೆದೆ. ಓದಿ ಹೇಳಿದಾಗ ರುದ್ರಮ್ಮ, "ಇಷ್ಟುದ್ದ ಯಾಕೆ? ಅಂಗಡಿ ಎತ್ತಿ ಅಂತ ಬರುದ್ರೆ ಅವ್ರಿಗೆ ಅರ್ಥ ಆಗಾಕಿಲ್ವಾ?" ಎಂದರು. ಆಮೇಲೆ, "ನೀವೂ ಒಂದ್ ಸೈನ್ ಹಾಕಿ" ಎಂದರು.

ನಾನು ಸರ್ಕಾರಿ ನೌಕರ, ನಿಯಮ ಇದೆ, ಹಾಗೆ ಹೀಗೆ ಎಂದೆ. ಯಾವ ನಿಯಮ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ಹೋದರು.

ಅರ್ಜಿಗೆ ಉತ್ತರ ಬರಲಿಲ್ಲ. ಆಗ ರುದ್ರಮ್ಮ ಮಾಡಿದ ಕೆಲಸವಿದೆಯಲ್ಲ, ಅದನ್ನು ನಾನು ಶಾಲೆಯ ಕಿಟಕಿಯಿಂದ ಕಣ್ಣಾರೆ ಕಂಡೆ. ಹತ್ತು ಹದಿನೈದು ಹೆಂಗಸರು ಹಳೇ ಸೀರೆಗಳನ್ನು ತಂದು ಅಂಗಡಿಯ ಬಾಗಿಲಿಂದ ರಸ್ತೆಯವರೆಗೂ ಹಾಸಿದರು. ಅದರ ಮೇಲೆ ಮೊಳಕೆ ರಾಗಿಯನ್ನು ಒಣಹಾಕಿದರು. ಕೂಗಾಟವಿಲ್ಲ, ಧಿಕ್ಕಾರವಿಲ್ಲ. ಪಕ್ಕದಲ್ಲಿ ಕೂತು ಕೈಯಾಡಿಸುತ್ತಿದ್ದರು, ಅಷ್ಟೆ. ಕುಡಿಯಲು ಬಂದವರು ರಾಗಿಯ ಅಂಚಿಗೆ ಬಂದು ನಿಂತುಬಿಟ್ಟರು. ಎಷ್ಟೇ ಕುಡಿದಿರಲಿ, ಅನ್ನವನ್ನು ತುಳಿಯುವ ಕಾಲು ಆ ಊರಲ್ಲಿ ಇರಲಿಲ್ಲ. ಒಬ್ಬನಂತೂ ಚಪ್ಪಲಿ ಕಳಚಿ, ರಾಗಿಗೆ ಕೈಮುಗಿದು, ಬಂದ ದಾರಿಯಲ್ಲೇ ವಾಪಸು ಹೋದ.

ಅಂಗಡಿಯವನು ಪೊರಕೆ ಹಿಡಿದು ಬಂದ. "ಗುಡಿಸಿ ಎಸೀತೀನಿ ನೋಡು!"

"ಗುಡಿಸು ಕಣ್ಲಾ" ಎಂದರು ರುದ್ರಮ್ಮ, ಕೂತಲ್ಲಿಂದ ಏಳದೆ. "ನಿನ್ ಮಗ್ಳಿಗೆ ಆರು ತಿಂಗ್ಳು ಅಲ್ವಾ? ಅವ್ಳ ಪಾಲೂ ಇದ್ರಾಗೇ ಐತೆ. ಗುಡಿಸು."

ಅವನು ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಹೆಂಗಸರು ದಿನವೂ ಬಂದು ರಾಗಿ ಹಾಸಿದರು; ಒಂಬತ್ತನೇ ದಿನ ಅಂಗಡಿಗೆ ಬೀಗ ಬಿತ್ತು. ಆ ಹೊತ್ತಿಗೆ ನಾನು ನಾಲ್ಕನೇ ತರಗತಿಗೆ ಧೈರ್ಯದ ಬಗ್ಗೆ ಪಾಠ ಮಾಡುತ್ತಿದ್ದೆ.

ಈಗ ನಿಮಗೆ ನನ್ನ ಗೊಂದಲ ಅರ್ಥವಾಗಿರಬೇಕು. ಅದೇ ರುದ್ರಮ್ಮ ಇಲ್ಲಿ, ಈ ಬಾಗಿಲಲ್ಲಿ ಏನು ಮಾಡುತ್ತಿದ್ದಾರೆ?

ಮಂಗಳಾ ಒಳಗಿಂದ ಬಂದು ನನ್ನ ಕಾಲು ಮುಟ್ಟಿದಳು. ನಾನು ಅಕ್ಷರ ತಿದ್ದಿಸಿದ ಹುಡುಗಿ ಈಗ ಗಮ್‌ಬೂಟು ಹಾಕಿಕೊಂಡು, ಕೂದಲಿಗೆ ಬಟ್ಟೆ ಕಟ್ಟಿಕೊಂಡು, ನನಗಿಂತ ಎತ್ತರದ ಸ್ಟೀಲ್ ಟ್ಯಾಂಕುಗಳ ಯಜಮಾನಿ. ಆಹಾರ ವಿಜ್ಞಾನ ಓದಿ, ಬೆಂಗಳೂರಿನಲ್ಲಿ ಬಿಯರ್ ತಯಾರಿಕೆ ಕಲಿತು, ಅಲ್ಲಿರಲಾರೆನೆಂದು ಹಿಂದಿರುಗಿದವಳು. ಬಾರ್ಲಿಯ ಜೊತೆಗೆ ನಮ್ಮ ಕಡೆಯ ರಾಗಿ ಸೇರಿಸಿ ಬಿಯರ್ ಮಾಡಬೇಕೆನ್ನುವುದು ಅವಳ ಹಟ.

"ಅಮ್ಮ ಒಂದು ವರ್ಷ ಈ ಕಡೆ ತಲೆ ಹಾಕ್ಲಿಲ್ಲ ಸಾರ್. 'ನಿಮ್ಮಪ್ಪನ್ನ ತಿಂದಿದ್ದನ್ನೇ ಕಾಯಿಸ್ತೀಯಾ?' ಅಂದ್ಬಿಟ್ರು."

"ಮತ್ತೆ?"

"ರಾಗಿ ಕೆಟ್ಟುಹೋಯ್ತು ಸಾರ್. ಮೊಳಕೆ ಬರಿಸೋಕೆ ಹೋದಾಗೆಲ್ಲ ಬೂಷ್ಟು. ಮೂರು ಸಲ ಚೀಲಗಟ್ಟಲೆ ಹೊರಗೆ ಸುರಿದೆ. ಅದು ಯಾರೋ ಹೇಳಿ ಅಮ್ಮಂಗೆ ಗೊತ್ತಾಯ್ತು."

ರುದ್ರಮ್ಮ ಮೊರ ಕೆಳಗಿಟ್ಟರು. "ರಾಗಿ ತಿಪ್ಪೆಗೆ ಬಿತ್ತು ಅಂದ್ರೆ ನನ್ಗೆ ಅನ್ನ ಸೇರ್ಲಿಲ್ಲ ಮೇಷ್ಟ್ರೇ. ಬೈಯ್ಯಾಕೆ ಅಂತ್ಲೇ ಬಂದೆ. ಇವ್ಳು ನೋಡುದ್ರೆ ಅಷ್ಟು ಮಂದ ಹರವವ್ಳೆ, ಕೈನೂ ಆಡ್ಸಿಲ್ಲ. ಉಸಿರು ಕಟ್ಕೊಂಡು ಸತ್ತೋಗಿತ್ತು ರಾಗಿ."

ಬೈಯಲು ಬಂದವರು ಸೆರಗು ಸಿಕ್ಕಿಸಿ ರಾಗಿ ಹರವಿಕೊಟ್ಟರು. ಅದು ಬಿಳಿ ಬೇರು ಬಿಟ್ಟು ನಿಂತಿತು. ಆ ರಾಗಿಯಿಂದಾದ ಬಿಯರು ಕುಡಿಯಲು ಜನ ಹಾಸನದಿಂದಲೂ ಬರುತ್ತಾರಂತೆ. ಆದರೆ ರುದ್ರಮ್ಮ ಷರತ್ತು ಹಾಕಿದ್ದರು. ಒಬ್ಬರಿಗೆ ಎರಡೇ ಗ್ಲಾಸು. ಕುಡಿದು ಬಂದವರಿಗೆ ಗ್ಲಾಸೂ ಇಲ್ಲ, ಬಾಟಲಿಯೂ ಇಲ್ಲ. ಅದನ್ನು ನೋಡಿಕೊಳ್ಳಲು ಬಾಗಿಲಲ್ಲಿ ತಾವೇ ಕೂರುವುದು.

ನಾನು ತಡೆಯಲಾರದೆ ಕೇಳಿಬಿಟ್ಟೆ. "ಇದು ಸರಿ ಅನ್ನಿಸುತ್ತಾ ರುದ್ರಮ್ಮ ನಿಮಗೆ?"

ಅವರು ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡರು. "ದಿನಾ ಕೇಳ್ಕೊತೀನಿ. ಎಲ್ಲಾ ದಿನಾನೂ ಒಂದೇ ಉತ್ತರ ಬರಾಕಿಲ್ಲ. ಅದ್ಕೇ ಮನೇಲಿ ಕೂರ್ದೆ ಇಲ್ಲಿ ಕೂತಿರೋದು."

ಮಂಗಳಾ ನನಗೆ ಬೆರಳುದ್ದದ ಗ್ಲಾಸಿನಲ್ಲಿ ರುಚಿ ನೋಡಲು ಕೊಟ್ಟಳು. ಕಹಿ, ಆಮೇಲೆ ಸುಟ್ಟ ಬೆಲ್ಲದಂತೆ ಏನೋ, ಮತ್ತೆ ಕಹಿ. ನಮ್ಮಪ್ಪನ ಮುಖ ಕಣ್ಣೆದುರು ಬಂತು. ಪ್ರಪಂಚ ಮುಳುಗಲಿಲ್ಲ.

ಅಷ್ಟರಲ್ಲಿ ಹೊರಗೆ ದೊಡ್ಡ ಕಾರೊಂದು ಜಲ್ಲಿಕಲ್ಲು ಹಾರಿಸುತ್ತಾ ಬಂದು ನಿಂತಿತು. ಇಳಿದವನು ನಲವತ್ತರ ಆಸುಪಾಸಿನ ಗಂಡಸು. ಇಳಿಯುವಾಗಲೇ ಬಾಗಿಲು ಹಿಡಿದುಕೊಂಡ. ಕಾರಿನಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು.

"ಒಂದು ಕೇಸ್ ಬಾಟ್ಲಿ ಹಾಕ್ರೀ" ಎಂದ.

"ಇಲ್ಲ ಸಾಮಿ" ಎಂದರು ರುದ್ರಮ್ಮ. "ನೀವು ಆಗ್ಲೇ ಕುಡ್ಕೊಂಡ್ ಬಂದಿದೀರಿ."

"ನಾನ್ಯಾರು ಗೊತ್ತಾ ನಿಂಗೆ?"

"ಗೊತ್ತಿಲ್ಲ. ಹಿಂದ್ಗಡೆ ಕೂತಿರೋ ಮಕ್ಳ ಅಪ್ಪ ಅಂತ ಗೊತ್ತು. ಕೀ ಕೊಡಿ ಇಲ್ಲಿ. ನೀವು ಓಡಿಸ್ಬ್ಯಾಡಿ."

ಅವನು ಬೈದ. ಆ ಬೈಗುಳವನ್ನು ಇಲ್ಲಿ ಬರೆಯಲಾರೆ. ಮೂವತ್ತು ವರ್ಷ ಹಳೆಯ ಬೈಗುಳ, ಒಂದಕ್ಷರವೂ ಬದಲಾಗಿರಲಿಲ್ಲ. ಬೈಯುತ್ತಲೇ ಹೋಗಿ ಕಾರು ಹತ್ತಿ ಸ್ಟಾರ್ಟ್ ಮಾಡಿದ. ಮಂಗಳಾ ಫೋನ್ ಹುಡುಕುತ್ತಾ ಓಡಿಬಂದಳು. ರುದ್ರಮ್ಮ ಮಂಡಿ ಹಿಡಿದುಕೊಂಡು ಏಳಲು ಹೆಣಗುತ್ತಿದ್ದರು. ನಾನು ಎಲ್ಲಿದ್ದೆ ಎನ್ನುತ್ತೀರಾ? ಹೇಗೋ ಗೊತ್ತಿಲ್ಲ, ಕಾರಿನ ಮುಂದೆ ನಿಂತಿದ್ದೆ. ಬಾನೆಟ್ ಮೇಲೆ ಎರಡೂ ಅಂಗೈ ಊರಿದ್ದೆ. ಅದು ಕಾದ ಹೆಂಚಿನಂತಿತ್ತು.

"ಇಳಿಯೋ ಕೆಳಗೆ!" ಎಂದೆ.

ನಿವೃತ್ತಿಯ ದಿನ ಶಾಲೆಯಲ್ಲೇ ಬಿಟ್ಟು ಬಂದೆನೆಂದುಕೊಂಡಿದ್ದ ದನಿ ಅದು. ಗ್ಲಾಸು ಹಿಡಿದು ಹೊರಗೆ ಬಂದಿದ್ದ ಗಿರಾಕಿಗಳೂ ಬೆಚ್ಚಿಬಿದ್ದರು. ಅವನು ಹಾರ್ನ್ ಬಾರಿಸಿದ. ನಾನು ಕದಲಲಿಲ್ಲ. ಶೌರ್ಯವೆಂದುಕೊಳ್ಳಬೇಡಿ, ಪಕ್ಕಕ್ಕೆ ಸರಿಯಬಹುದು ಎಂಬುದೇ ನನಗೆ ಹೊಳೆಯಲಿಲ್ಲ. ಆಗ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ನನ್ನ ಅಕ್ಕಪಕ್ಕ ನಿಂತರು.

ಕಾರಿನೊಳಗೆ ಹೆಂಡತಿ ಕೈ ಚಾಚಿ ಕೀ ತಿರುಗಿಸಿ ಕಿತ್ತುಕೊಂಡಳು. ಇಂಜಿನ್ ಸದ್ದು ನಿಂತಿತು. ಅವಳು ಇಳಿದು, ಸುತ್ತಿ ಬಂದು, ಗಂಡನ ಕಡೆಯ ಬಾಗಿಲು ತೆರೆದಳು.

"ಆ ಕಡೆ ಹೋಗಿ ಕೂತ್ಕೊಳ್ಳಿ. ನಾನು ಓಡಿಸ್ತೀನಿ."

ಅವನು ನಮ್ಮನ್ನೆಲ್ಲ ನೋಡಿದ, ಮಕ್ಕಳನ್ನು ನೋಡಿದ, ಇಳಿದು ಆ ಕಡೆ ಹೋದ. ಆಕೆ ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಪಡಿಸಿಕೊಂಡಳು. ರುದ್ರಮ್ಮ ಕಿಟಕಿಯ ಹತ್ತಿರ ಹೋಗಿ, "ನಿಧಾನ ಹೋಗು ಕಣವ್ವ" ಎಂದರು. ಆಕೆ ಅವರ ಕೈಯನ್ನು ಒಮ್ಮೆ ಒತ್ತಿ ಹಿಡಿದು, ಸಲೀಸಾಗಿ ಹಿಂದಕ್ಕೆ ತೆಗೆದು, ರಸ್ತೆ ಸೇರಿದಳು.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ, ಯಾರಿಗೆಂದು ತಿಳಿಯದೆ.

"ಮೇಷ್ಟ್ರೇ, ಕೂತ್ಕಳಿ" ಎಂದು ರುದ್ರಮ್ಮ ತಮ್ಮ ಕುರ್ಚಿಯನ್ನೇ ನನ್ನ ಕಡೆ ತಳ್ಳಿದರು. ಕೂತೆ. ಆ ಬಾಗಿಲ ಕುರ್ಚಿಯಿಂದ ಅಂಗಳವೂ ರಸ್ತೆಯೂ ಪೂರ್ತಿ ಕಾಣುತ್ತವೆ.

ಆಗಲೇ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನನ್ನ ಹೆಂಡತಿ. "ಎಲ್ಲಿದ್ದೀರಿ?"

ಸುತ್ತ ಹತ್ತು ಜನರಿದ್ದರು. "ಬಾರಿನ ಬಾಗಿಲಲ್ಲಿ ಕೂತಿದ್ದೀನಿ ಕಣೇ" ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಆ ಕಡೆ ಟಕ್ಕೆಂದು ಒಲೆ ಆರಿಸಿದ ಸದ್ದು ಕೇಳಿತು.

"ಒಬ್ರೇ ಹೋದ್ರಾ?" ಎಂದಳು. "ನನ್ನನ್ನೂ ಕರೀಬಾರ್ದಿತ್ತಾ?"

"ಭಾನುವಾರ ಇಬ್ಬರೂ ಬರೋಣ" ಎಂದೆ.