ವಾಪಸು ಕೊಡುವ ಭಾವ
ನಮ್ಮ ಭಾವನಿಗೆ, ತೆಗೆದುಕೊಂಡದ್ದನ್ನು ವಾಪಸು ಕೊಡದವರನ್ನು ಕಂಡರೆ ಮೈಯೆಲ್ಲ ಉರಿ. ಯಾರ್ಯಾರೋ ಸೇರಿ ಬರೆದು ಪುಕ್ಕಟೆ ಹಂಚುವ ಡೇಟಾಬೇಸ್ ತಂತ್ರಾಂಶದಲ್ಲಿ, ಕಂಪ್ಯೂಟರಿನ ಮೆಮೊರಿ ಪಡೆದು ಹಿಂದಿರುಗಿಸದ ಕೋಡ್ ಸಾಲುಗಳನ್ನು ಹುಡುಕಿ ತಿದ್ದುವುದೇ ಅವರ ಕಸುಬು. ಹಾಗೆ ಎಂಟು ಬೈಟ್‌ನಷ್ಟು ಚಿಟಿಕೆ ಮೆಮೊರಿ ಸೋರಿದರೂ ಊಟ ಸೇರದು. ಮನೆಯಲ್ಲೂ ಅದೇ ಚಾಳಿ. ಪಕ್ಕದ ಮನೆಯಿಂದ ತಂದ ಏಣಿಯನ್ನು, ಅಕ್ಕ ಇನ್ನೂ ಅಟ್ಟದ ಮೇಲಿರುವಾಗಲೇ ಕೊಟ್ಟು ಬಂದಿದ್ದರು. "ನಾನು ಇಳಿಯೋದು ಬೇಡ್ವೇನ್ರೀ?" ಎಂದಳು ಅಕ್ಕ. "ಹತ್ತಿ ಆಯ್ತಲ್ಲ ಅಂದ್ಕೊಂಡೆ" ಎಂದರು. ಇಂಥವರು ಒಂದು ಸೋರಿಕೆಯನ್ನು ಮಾತ್ರ ಮೂರು ವರ್ಷದಿಂದ ಮುಟ್ಟಿಲ್ಲ. ಯಾಕೆಂದು ಕೇಳಿದೆ. "ಹತ್ತು ವರ್ಷ ನನ್ನ ಜೊತೆ ಈಮೇಲಲ್ಲೇ ಜಗಳ ಆಡಿದವನು ಬರೆದ ಸಾಲು ಅದು. ಈಗ ಅವನಿಲ್ಲ. ಪ್ರತಿ ಸಾಲಿನ ಪಕ್ಕ ಅದನ್ನ ಕೊನೆಗೆ ಮುಟ್ಟಿದವರ ಹೆಸರಿರತ್ತೆ. ನಾನು ತಿದ್ದಿದ್ರೆ ಅವನ ಹೆಸರು ಹೋಗಿ ನನ್ನದು ಬರತ್ತೆ. ಎಂಟೇ ಬೈಟ್, ಅವನೇ ಇಟ್ಕೊಳ್ಳಲಿ ಬಿಡು."