ಸಂಕ್ರಾಂತಿಗೆ ಬಿಡದ ಅವರೆ

ಅಡಿಲೇಡಿನ ಗ್ಲೆನೆಲ್ಗ್‌ನ ಆ ಹಿತ್ತಲಲ್ಲಿ ನೆರಳು ಅಂತ ಇದ್ದದ್ದು ಅವರೆ ಬಳ್ಳಿಯ ಚಪ್ಪರದಡಿ ಮಾತ್ರ. ಹಾಗಾಗಿ ಎಲ್ಲರೂ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದೆವು. ನಾನು, ನನ್ನ ಗಂಡ, ಮನೆಯೊಡತಿ ಮಕ್ಕಳ ಡಾಕ್ಟರು, ಅವಳ ಗಂಡ, ಅವರ ಪುಟ್ಟ ಮಗಳು, ಮನೆಯೊಡತಿಯ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಅರಿವಳಿಕೆ ಡಾಕ್ಟರು. ರೋಗಿಗಳನ್ನು ಮಲಗಿಸುವುದು ಈ ಮಹಾಶಯರ ವೃತ್ತಿ. ಆದರೆ ಅವರು ಬಾಯಿ ತೆರೆದರೆ ಮಲಗಿದವರೂ ಎದ್ದು ಕೂರಬೇಕು.

ಅಂದು ಸಂಕ್ರಾಂತಿ. ಬಿಸಿಲು ನಲವತ್ತು ದಾಟಿತ್ತು. ಅಡಿಲೇಡಿನಲ್ಲಿ ಜನವರಿಯ ಬಡಗಣ ಗಾಳಿ ಮರಳುಗಾಡಿನಿಂದ ನೇರವಾಗಿ ಬರುತ್ತದೆ. ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ತಟ್ಟೆಯಲ್ಲಿ ಬೆಲ್ಲ ಕರಗಿ ಎಳ್ಳು, ಕೊಬ್ಬರಿ, ಕಡಲೆಬೀಜ ಎಲ್ಲ ಒಂದೇ ಮುದ್ದೆಯಾಗಿತ್ತು. ಚಳಿಗೆ ಮೈ ಒಡೆಯಬಾರದೆಂದು ತಿನ್ನುವ ಎಳ್ಳನ್ನು ಬೆವರು ಒರೆಸಿಕೊಳ್ಳುತ್ತಾ ತಿನ್ನುವ ಭಾಗ್ಯ ನಮ್ಮದು.

ಆ ಬಳ್ಳಿಯ ಕಥೆ ಹೇಳಬೇಕು. ಮನೆಯೊಡತಿಯ ಗಂಡ ಮೈಸೂರಿನ ಹುಡುಗ, ಇಂಜಿನಿಯರು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಒಳ್ಳೆಯ ಕೆಲಸದಲ್ಲಿದ್ದ. ಹೆಂಡತಿಗೆ ಅಡಿಲೇಡಿನಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಇವನು ತನ್ನದನ್ನು ಬಿಟ್ಟು ಜೊತೆಗೆ ಬಂದ. ಇಲ್ಲಿ ಕೆಲಸ ಸಿಗಲಿಲ್ಲ. ನಮ್ಮ ಜನ ಬೇಗ ಹೆಸರಿಡುತ್ತಾರೆ: ‘ಡಾಕ್ಟರ ಗಂಡ’ ಆದ. ಹಿತ್ತಲು ಅಗೆದ. ಸೆಪ್ಟೆಂಬರಿನಲ್ಲಿ ನೆಲ ಬೆಚ್ಚಗಾಗುತ್ತಲೂ ಅವರೆ ಹಾಕಿದ. ಬ್ರಿಸ್ಬೇನಿನ ಸ್ನೇಹಿತನೊಬ್ಬ ಕೊಟ್ಟ ಬೀಜ, ನಮ್ಮ ಕಡೆಯ ಹಳೆಯ ಸೊಗಡಿನ ಜಾತಿ. ‘ಸಂಕ್ರಾಂತಿಗೆ ಎಲ್ರಿಗೂ ಹಿತಕಿದ ಬೇಳೆ ಸಾರು’ ಎಂದು ಡಂಗುರ ಸಾರಿಬಿಟ್ಟ. ಮಾಡಿದ ತಪ್ಪು ಅದೊಂದೇ.

ಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಬೇಲಿ ಏರಿತು, ಚಪ್ಪರ ಮುಚ್ಚಿತು, ಬಟ್ಟೆ ಹಾಕುವ ತಂತಿಗೂ ಕೈ ಚಾಚಿತು. ಹೂವು ಮಾತ್ರ ಒಂದೂ ಇಲ್ಲ. ಡಿಸೆಂಬರ್ ಕಳೆಯುವ ಹೊತ್ತಿಗೆ ಅವನು ಓದಿ, ವಿಚಾರಿಸಿ ಕಾರಣ ಕಂಡುಕೊಂಡಿದ್ದ. ಒಂದು ಸಂಜೆ ನಮ್ಮ ಮನೆಗೆ ಬಂದು ಹೇಳಿದ.

“ಅಕ್ಕಾ, ಈ ಜಾತಿ ಹಗಲು ಗಿಡ್ಡ ಆದ್ರೇನೇ ಹೂ ಬಿಡೋದು. ಸಂಕ್ರಾಂತಿ ಹೊತ್ತಿಗೆ ನಮ್ಮೂರಲ್ಲಿ ಬೇಗ ಕತ್ತಲಾಗುತ್ತಲ್ಲ, ಇಲ್ಲಿ ಎಂಟೂವರೆ ಆದ್ರೂ ಬೆಳಕು. ನಾನು ಪಂಚಾಂಗ ನೋಡ್ದೆ, ಬಳ್ಳಿ ಸೂರ್ಯನ್ನ ನೋಡ್ತು.”

“ಹಾಗಾದ್ರೆ ಯಾವಾಗಪ್ಪಾ?”

“ಏಪ್ರಿಲ್. ಅಲ್ಲೀತನಕ ಇವ್ಳು ಕೀಳಿಸ್ದೆ ಇದ್ರೆ ಸಾಕು. ಇದೊಂದು ವಿಷಯಕ್ಕಾದ್ರೂ ‘ನೀವು ಹೇಳಿದ್ದು ಸರಿ’ ಅಂತ ಒಂದ್ಸಲ ಅಂದ್ರೆ ನಂಗೆ ಸಾಕಕ್ಕಾ.”

ಅವನು ನಗುತ್ತಲೇ ಹೇಳಿದ. ಆದರೆ ಆ ಮನೆಯಲ್ಲಿ ಅವನು ತಲೆಯೆತ್ತಿ ಕೂರುವುದು ಆ ಒಂದು ಮಾತಿನ ಮೇಲೆ ನಿಂತಿತ್ತೆಂದು ನನಗೆ ಕಾಣುತ್ತಿತ್ತು.

ಸಂಕ್ರಾಂತಿಯ ದಿನ ಅರಿವಳಿಕೆ ಡಾಕ್ಟರು ಚಪ್ಪರದ ಕಡೆ ಕತ್ತೆತ್ತಿ ಶುರು ಮಾಡಿದರು.

“ಏನ್ ಇಂಜಿನಿಯರ್ ಸಾಹೇಬ್ರೇ, ಕಾಯಿ ಎಲ್ಲಿ? ಇನ್ನೂ ಮೀಟಿಂಗ್ ನಡೀತಿದ್ಯಾ?”

“ಏಪ್ರಿಲ್‌ಗೆ ಬಿಡುತ್ತೆ ಡಾಕ್ಟ್ರೇ. ಹಗಲು ಗಿಡ್ಡ ಆಗ್ಬೇಕು.”

“ಕುಣೀಲಾರ್ದವಳು ನೆಲ ಡೊಂಕು ಅಂದ್ಳಂತೆ. ಇವ್ರು ನೋಡ್ರೀ, ಸೂರ್ಯನೇ ಡೊಂಕು ಅಂತಿದಾರೆ!”

ನಗುವಿನಲ್ಲಿ ಹೆಂಡತಿಯೂ ಸೇರಿದಳು. ಲೋಟಕ್ಕೆ ಮಜ್ಜಿಗೆ ಬಗ್ಗಿಸುತ್ತಾ, ಯಾರ ಮುಖವನ್ನೂ ನೋಡದೆ, “ಬಳ್ಳಿನೂ ಇವ್ರ ಥರಾನೇ ಡಾಕ್ಟ್ರೇ. ಹೊತ್ತೊತ್ತಿಗೆ ಊಟ-ನೀರು ಎಲ್ಲಾ ಆಗುತ್ತೆ, ಸೊಂಪಾಗಿದೆ. ಫಲ ಮಾತ್ರ ಕೇಳ್ಬಾರ್ದು,” ಎಂದಳು.

ಅವನು ಎದ್ದು, ಐಸ್ ಮುಗಿದಿದೆ, ಸರ್ವೋಗೆ ಹೋಗಿ ಬರ್ತೀನಿ ಎಂದು ಕಾರು ತೆಗೆದ. ಪೆಟ್ರೋಲ್ ಬಂಕಿಗೆ ಇಲ್ಲಿನವರು ಸರ್ವೋ ಅನ್ನುತ್ತಾರೆ.

ಕಾರು ಮರೆಯಾಗುತ್ತಲೂ ಅರಿವಳಿಕೆ ಡಾಕ್ಟರು ತಾವು ತಂದಿದ್ದ ಥರ್ಮೋಕೋಲ್ ಪೆಟ್ಟಿಗೆ ತೆರೆದರು. ಒಳಗೆ ಇಂಡಿಯನ್ ಅಂಗಡಿಯ ಫ್ರೋಜನ್ ಅವರೆಕಾಳಿನ ಪ್ಯಾಕೆಟ್ಟುಗಳು. ತಂತಿಯ ಮೇಲಿದ್ದ ಬಟ್ಟೆ ಕ್ಲಿಪ್ಪುಗಳನ್ನು ಕಿತ್ತು, ಒಂದೊಂದೇ ಪ್ಯಾಕೆಟ್ಟನ್ನು ಬಳ್ಳಿಗೆ ಸಿಕ್ಕಿಸತೊಡಗಿದರು. ಹೆಂಡತಿ ಸ್ಟೂಲು ತಂದುಕೊಟ್ಟಳು. ನನ್ನ ಗಂಡ “ಬೇಡ ಬಿಡಿ ಡಾಕ್ಟ್ರೇ” ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಡಾಕ್ಟರು ಒಳಗಿದ್ದ ಮಗುವನ್ನು ಕೂಗಿ ಹೇಳಿದರು: “ಪುಟ್ಟಿ, ಅಪ್ಪ ಬಂದ ತಕ್ಷಣ ಹೇಳು, ಅವರೆಕಾಯಿ ಬಿಟ್ಟಿದೆ ಅಂತ.”

ಕಾರಿನ ಸದ್ದಿಗೆ ಮಗು ಗೇಟಿಗೆ ಓಡಿತು. “ಡ್ಯಾಡ್, ಕಮ್ ಕ್ವಿಕ್! ಬೀನ್ಸ್ ಬಂದಿದೆ!”

ಅವನು ಓಡಿ ಬಂದ. ಐಸಿನ ಚೀಲ ಎದೆಗವಚಿಕೊಂಡೇ ಓಡಿ ಬಂದ. ಚಪ್ಪರದಡಿ ನಿಂತು ಮೇಲೆ ನೋಡಿದಾಗಲೂ ಅವನ ಬಾಯಿ ನಗುತ್ತಲೇ ಇತ್ತು. ಕಣ್ಣಿಗೆ ಕಂಡದ್ದು ಬಾಯಿಗೆ ತಲುಪಲು ಒಂದು ಗಳಿಗೆ ಬೇಕಾಯಿತು. ಆ ಬಿಸಿಲಿಗೆ ಪ್ಯಾಕೆಟ್ಟುಗಳು ಆಗಲೇ ಬೆವೆತು ತೊಟ್ಟಿಕ್ಕುತ್ತಿದ್ದವು.

“ಫಸಲು ಚೆನ್ನಾಗಿದೆ,” ಎಂದ. ಒಂದೊಂದೇ ಬಿಡಿಸಿ ಅಂಗಿಯ ಮಡಿಲಿಗೆ ಹಾಕಿಕೊಂಡ. ಒಳಗೆ ಹೋಗಿ ಕಾಳು ಹಿತಕಿ, ತೆಂಗಿನಕಾಯಿ ರುಬ್ಬಿ, ಸಾರು ಮಾಡಿ ಎಲ್ಲರಿಗೂ ಬಡಿಸಿದ. ಡಾಕ್ಟರು ಎರಡನೇ ಸಲ ಹಾಕಿಸಿಕೊಳ್ಳುತ್ತಾ, “ಸೊಗಡೇ ಇಲ್ವಲ್ರೀ ಇದ್ರಲ್ಲಿ,” ಎಂದರು.

ನಮ್ಮೂರಲ್ಲಿ ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೊರಟುಹೋಗುತ್ತದೆ ಎಂದು ನನ್ನಜ್ಜಿ ಹೇಳುತ್ತಿದ್ದಳು. ಇಲ್ಲಿ ಶಿವರಾತ್ರಿಗೆ ಸೆಕೆ ಹೊರಡುವ ಮನಸ್ಸು ಮಾಡುವುದೂ ಇಲ್ಲ. ಫೆಬ್ರವರಿಯಲ್ಲಿ ಎಲೆಗಳು ಅಂಚಿನಿಂದ ಸುಟ್ಟವು. ಅವನು ಬಳ್ಳಿಗೆ ಹಳೆಯ ದುಪ್ಪಟಿ ಹೊದಿಸಿದ, ಬೆಳಗಿನ ಜಾವವೇ ಎದ್ದು ನೀರು ಹಾಕಿದ. ಮಾರ್ಚಿನಲ್ಲಿ ಪರ್ತ್‌ನಲ್ಲಿ ಒಂದು ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ಚಿಕ್ಕದು. ಅಲ್ಲಿನ ಬೆಂಟ್ಲಿ ಬಡಾವಣೆಯಲ್ಲಿ ಓದುವ ಹುಡುಗರ ಜೊತೆ ಒಂದು ಕೋಣೆ. ಹೊರಡುವಾಗ ಹೆಂಡತಿಯನ್ನು ಕೇಳಿಕೊಂಡದ್ದು ಒಂದೇ: ಬಳ್ಳಿ ಕೀಳಿಸಬೇಡ.

ಅವಳು ಕೀಳಿಸಲಿಲ್ಲ. ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡಳು.

ಏಪ್ರಿಲಿನಲ್ಲಿ ಸಂಜೆಗಳು ಕುಗ್ಗಿದವು. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕೂರತೊಡಗಿತು. ಚಪ್ಪರದ ಉದ್ದಕ್ಕೂ ನೇರಳೆ ಬಣ್ಣದ ಹೂವು ಎದ್ದಿತು. ಮೇ ಹೊತ್ತಿಗೆ ಕಾಯಿ, ಕೈಗೆ ಅಂಟುವಷ್ಟು ಸೊಗಡು. ಅವಳು ಬುಟ್ಟಿ ತುಂಬ ಕಿತ್ತು, ಬುಟ್ಟಿ ಹಿಡಿದು ನಿಂತ ಫೋಟೊವನ್ನು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದಳು. ‘ನಮ್ಮ ಹಿತ್ತಲ ಅವರೆ.’

ಮೆಚ್ಚುಗೆಗಳು ಸುರಿದವು. ಎಲ್ಲರದೂ ಒಂದೇ ಪದ: ಕೈಗುಣ. ನಮ್ಮಲ್ಲಿ ಆ ಮಾತು ವೈದ್ಯರಿಗೂ ಸಲ್ಲುತ್ತದೆ, ಗಿಡ ನೆಡುವವರಿಗೂ ಸಲ್ಲುತ್ತದೆ. ಅವಳಿಗೆ ಎರಡೂ ಒಟ್ಟಿಗೆ ಸಿಕ್ಕಿತು. ‘ಡಾಕ್ಟ್ರು ಮುಟ್ಟಿದ ಮಗುನೂ ಉಳಿಯುತ್ತೆ, ಮುಟ್ಟಿದ ಬಳ್ಳಿನೂ ಕಾಯಿ ಬಿಡುತ್ತೆ’ ಎಂದು ಬರೆದದ್ದು ಅರಿವಳಿಕೆ ಡಾಕ್ಟರು. ಅವಳು ಕೈಮುಗಿದ ಚಿತ್ರ ಹಾಕಿದಳು.

ಸ್ವಲ್ಪ ಹೊತ್ತಿಗೆ ಪರ್ತ್‌ನಿಂದ ಅವನ ಒಂದು ಸಾಲು ಬಂತು: ‘ಏಪ್ರಿಲ್ ಅಂದಿದ್ದೆ.’

ಅರಿವಳಿಕೆ ಡಾಕ್ಟರ ಉತ್ತರ ತಡವಾಗಲಿಲ್ಲ. ‘ನೀವು ಊರು ಬಿಟ್ಟ್ಮೇಲೆ ಬಿಟ್ಟಿದೆ ಸಾಹೇಬ್ರೇ. ಕಾರಣ ಗೊತ್ತಾಯ್ತಲ್ಲ!’

ಅದರ ಕೆಳಗೆ ನಗುವ ಮುಖಗಳ ಸಾಲು. ಅವುಗಳಲ್ಲಿ ಒಂದು ಅವಳದು.

ಆ ಭಾನುವಾರ ಅವಳು ನಮಗೂ ಒಂದು ಡಬ್ಬಿ ಸಾರು ತಂದುಕೊಟ್ಟಳು. ನನಗೆ ತಡೆಯಲಾಗಲಿಲ್ಲ. “ಅವ್ನು ಹೇಳ್ದಂಗೇ ಆಯ್ತಲ್ಲಮ್ಮಾ. ಒಂದು ಮಾತು ಫೋನ್ ಮಾಡಿ ಹೇಳು,” ಎಂದೆ.

“ಅವ್ರು ಏನಾದ್ರೂ ಹೇಳ್ತಾನೇ ಇರ್ತಾರೆ ಅಕ್ಕಾ. ವರ್ಷವೆಲ್ಲ ಹೇಳ್ತಿದ್ರೆ ಒಂದಾದ್ರೂ ಸರಿಹೋಗ್ಬೇಕಲ್ವಾ? ಸಾರು ಬಿಸಿ ಮಾಡ್ಕೊಳಿ, ತಣ್ಣಗಾಗಿರುತ್ತೆ,” ಎಂದು ಕಾರಿನ ಕೀಲಿ ತೆಗೆದುಕೊಂಡಳು.

ಜೂನ್‌ನಲ್ಲಿ ಮಳೆ ಹಿಡಿಯಿತು. ಅವನು ಒಂದು ಶನಿವಾರ ಪರ್ತ್‌ನಿಂದ ಬಂದು, ಆ ಮನೆಯಲ್ಲಿ ಉಳಿದಿದ್ದ ತನ್ನ ಬಟ್ಟೆ, ಪುಸ್ತಕಗಳನ್ನೆಲ್ಲ ಎರಡು ಸೂಟ್‌ಕೇಸಿಗೆ ತುಂಬಿಕೊಂಡ. ನಮ್ಮ ಮನೆಯಲ್ಲಿ ಊಟ ಮಾಡಿದ. ನನ್ನ ಗಂಡ ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ.